ಮೀನಿನ ತೊಟ್ಟಿ: ಓದುಗರ ಪ್ರಶ್ನೆಗಳು – ಕ್ಯಾನಿಸ್ಟರ್ ಫಿಲ್ಟರಿನ ನೀರನ್ನು ಹದಕ್ಕೆ ತರುವುದು ಹೇಗೆ?

ಗಾಜಿನ ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಕೂರುವ, ಮುಚ್ಚಿದ ಡಬ್ಬಿಯಂತಹ ಫಿಲ್ಟರಿಗೆ ಕ್ಯಾನಿಸ್ಟರ್ ಫಿಲ್ಟರ್ ಎನ್ನುತ್ತಾರೆ. ತೊಟ್ಟಿಯ ನೀರು ಒಂದು ಪೈಪಿನಲ್ಲಿ ಅದಕ್ಕೆ ಇಳಿದು, ಸ್ಪಂಜು ಮತ್ತು ಸೆರಾಮಿಕ್ ಉಂಗುರಗಳ ನಡುವೆ ಹಾದು, ಡಬ್ಬಿಯ ತಲೆಭಾಗದ ಪುಟ್ಟ ಮೋಟರಿನ ಬಲದಿಂದ ಇನ್ನೊಂದು ಪೈಪಿನಲ್ಲಿ ಮೇಲೇರಿ ತೊಟ್ಟಿಗೆ ಮರಳುತ್ತದೆ. ಈ ಮರಳುವ ನೀರಿನ ಬಗ್ಗೆಯೇ ಬಂದಿರುವ ಕೆಲವು ಪತ್ರಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಯಲ್ಲಿ ಆರು ಏಂಜಲ್ ಮೀನುಗಳನ್ನು ಸಾಕಿದ್ದೇನೆ. ಗಂಟೆಗೆ 1000 ಲೀಟರ್ ಎಂದು ಬರೆದಿದ್ದ ಕ್ಯಾನಿಸ್ಟರ್ ಫಿಲ್ಟರನ್ನು ಕಳೆದ ತಿಂಗಳು ತಂದು ಹಾಕಿದೆ. ಅಂದಿನಿಂದ ಮೀನುಗಳು ಒಂದು ಮೂಲೆ ಹಿಡಿದು ನಿಂತುಬಿಟ್ಟಿವೆ. ಆಹಾರ ಹಾಕಿದರೂ ಅದು ತೇಲಿ ಸುತ್ತುತ್ತದೆಯೇ ಹೊರತು ಅವುಗಳ ಬಾಯಿಗೆ ಸಿಗುವುದಿಲ್ಲ. ಎರಡು ಪೈಪುಗಳಿಗೂ ಒಂದೊಂದು ವಾಲ್ವ್ ಇದೆ. ನೀರು ಫಿಲ್ಟರಿಗೆ ಹೋಗುವ ಕಡೆಯದನ್ನು ಅರ್ಧ ಮುಚ್ಚಿದಾಗ ಮೋಟರು ಗರಗರ ಎನ್ನತೊಡಗಿತು. ಹೊರಬರುವ ಕಡೆಯದನ್ನು ಮುಚ್ಚಿದರೆ ಮೋಟರೇ ಸುಟ್ಟುಹೋಗುತ್ತದೆ ಎಂದು ಪರಿಚಿತರೊಬ್ಬರು ಹೆದರಿಸಿದ್ದಾರೆ. ನಾನು ಏನು ಮಾಡಲಿ? – ಓದುಗರು, ದಾವಣಗೆರೆ

ಉತ್ತರ: ಫಿಲ್ಟರಿಗೆ ನೀರು ಹೋಗುವ ಕಡೆಯ ವಾಲ್ವನ್ನು ಮೊದಲು ಪೂರ್ತಿ ತೆರೆದುಬಿಡಿ. ಡಬ್ಬಿಯನ್ನು ತೊಳೆಯಲು ಬಿಚ್ಚುವಾಗ ಬಿಟ್ಟರೆ ಅದನ್ನು ಮುಟ್ಟುವ ಅಗತ್ಯವಿಲ್ಲ. ತೋಟದ ಬಾವಿಗೆ ಪಂಪ್‌ಸೆಟ್ ಇಟ್ಟವರಿಗೆ ಇದರ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ: ಫುಟ್‌ವಾಲ್ವಿಗೆ ಕಸ ಕಟ್ಟಿಕೊಂಡಾಗ ಪಂಪು ಹೇಗೆ ಒದ್ದಾಡುತ್ತದೆಯೋ ಹಾಗೆಯೇ ಇಲ್ಲಿಯೂ ಎಳೆಯಲು ನೀರು ಸಾಲದೆ ಡಬ್ಬಿಯೊಳಗಿನ ಒತ್ತಡ ಕುಗ್ಗುತ್ತದೆ, ನೀರಿನಲ್ಲಿ ಕರಗಿದ್ದ ಗಾಳಿ ಗುಳ್ಳೆಗಳಾಗಿ ಬೇರ್ಪಡುತ್ತದೆ, ಮುಚ್ಚಳದ ರಬ್ಬರ್ ಉಂಗುರ ಸ್ವಲ್ಪ ಹಳೆಯದಾಗಿದ್ದರೆ ಅದರ ಸಂದಿನಿಂದ ಹೊರಗಿನ ಗಾಳಿಯೂ ಒಳನುಸುಳುತ್ತದೆ. ಹೀಗೆ ಸೇರಿದ ಗಾಳಿಯೆಲ್ಲ ನೀರನ್ನು ತಳ್ಳುವ ಪುಟ್ಟ ಚಕ್ರದ, ಅಂದರೆ ಇಂಪೆಲ್ಲರಿನ, ಸುತ್ತ ತುಂಬಿಕೊಂಡಾಗ ಕೇಳಿಸುವುದೇ ತಾವು ಹೇಳಿದ ಗರಗರ ಸದ್ದು. ಹಾಗೆಯೇ ಬಿಟ್ಟರೆ ಇಂಪೆಲ್ಲರೂ ಅದರ ಕಡ್ಡಿಯೂ ಬೇಗ ಸವೆಯುತ್ತವೆ.

ಹೊರಬರುವ ಕಡೆಯ ವಾಲ್ವನ್ನು ಸ್ವಲ್ಪ ಮುಚ್ಚಿದರೆ ಮೋಟರು ಸುಡುತ್ತದೆಂಬುದು ತಪ್ಪು ತಿಳಿವಳಿಕೆ. ಈ ಬಗೆಯ ಪಂಪಿನಲ್ಲಿ ಹೊರದಾರಿ ಕಿರಿದಾದಷ್ಟೂ ಚಕ್ರ ತಳ್ಳಬೇಕಾದ ನೀರು ಕಡಿಮೆಯಾಗಿ ಮೋಟರಿನ ಹೊರೆ ಇಳಿಯುತ್ತದೆಯೇ ವಿನಾ ಏರುವುದಿಲ್ಲ. ಪೂರ್ತಿ ಮುಚ್ಚಿ ಗಂಟೆಗಟ್ಟಲೆ ಓಡಿಸಬಾರದು, ಅಷ್ಟೆ. ಏಕೆಂದರೆ ಮೋಟರನ್ನು ತಂಪಾಗಿಡುವುದು ಹರಿಯುವ ನೀರೇ.

ಆದರೆ ವಾಲ್ವಿಗೆ ಕೈಹಾಕುವ ಮೊದಲು ಹರಿವು ಬೇರೆ, ರಭಸ ಬೇರೆ ಎಂಬುದನ್ನು ಗಮನಿಸಬೇಕು. ಗಂಟೆಗೆ ಎಷ್ಟು ಲೀಟರ್ ನೀರು ಫಿಲ್ಟರಿನಲ್ಲಿ ಹಾದುಹೋಗುತ್ತದೆ ಎಂಬುದು ಹರಿವು. ಅದು ಪೈಪಿನ ಬಾಯಿಂದ ಎಷ್ಟು ವೇಗವಾಗಿ ಹೊರನುಗ್ಗುತ್ತದೆ ಎಂಬುದು ರಭಸ. ತೊಟ್ಟಿಯ ಆರೋಗ್ಯಕ್ಕೆ ಹರಿವು ಬೇಕು. ಮೀನಿನ ಮಲದಿಂದಲೂ ಉಳಿದ ಆಹಾರದಿಂದಲೂ ಹುಟ್ಟುವ ಅಮೋನಿಯವನ್ನು ಮೊದಲು ನೈಟ್ರೈಟ್ ಆಗಿ, ಆಮೇಲೆ ಅಷ್ಟೇನೂ ಅಪಾಯಕಾರಿಯಲ್ಲದ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜು ಮತ್ತು ಉಂಗುರಗಳ ಮೇಲೆ ವಾಸಿಸುತ್ತವೆ. ಅವುಗಳಿಗೆ ಕೆಲಸವನ್ನೂ ಆಮ್ಲಜನಕವನ್ನೂ ತಂದುಕೊಡುವುದು ಈ ಹರಿವೇ. ಮೀನನ್ನು ಬಳಲಿಸುವುದು ರಭಸ. ಅಮೆಜಾನ್ ಕಣಿವೆಯ ನಿಧಾನಗತಿಯ ನೀರಿನಲ್ಲಿ, ಗಿಡಗಳ ಮತ್ತು ಮುಳುಗಿದ ಕೊಂಬೆಗಳ ನಡುವೆ ಬಾಳುವ ಏಂಜಲ್ ಮೀನಿನ ಚಪ್ಪಟೆ, ಎತ್ತರದ ದೇಹ ರಭಸದ ನೀರಿಗೆ ಹಾಯಿಯಂತೆ ಒಡ್ಡಿಕೊಳ್ಳುತ್ತದೆ. ಆದ್ದರಿಂದ ಹರಿವನ್ನು ಆದಷ್ಟು ಉಳಿಸಿಕೊಂಡು ರಭಸವನ್ನು ಮಾತ್ರ ಮುರಿಯುವುದು ಜಾಣತನ.

ಮೊದಲು ಅಳತೆ ಮಾಡಿ. ಡಬ್ಬದ ಮೇಲೆ ಬರೆದಿರುವ 1000 ಲೀಟರ್ ಎಂಬುದು ಸಾಮಾನ್ಯವಾಗಿ ಒಳಗೆ ಸ್ಪಂಜು, ಉಂಗುರ ಏನೂ ತುಂಬದೆ ಮೋಟರು ಕೊಡಬಲ್ಲ ಪ್ರಮಾಣವಾಗಿರುತ್ತದೆ. ಹೊರಬರುವ ಪೈಪಿನ ತುದಿಯನ್ನು ಹತ್ತು ಲೀಟರ್ ಬಕೆಟ್ಟಿಗೆ ಬಿಟ್ಟು ಅದು ತುಂಬಲು ಎಷ್ಟು ಸೆಕೆಂಡು ಬೇಕೆಂದು ನೋಡಿ, 36,000ವನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ಗಂಟೆಯ ಲೀಟರ್ ಸಿಗುತ್ತದೆ. 60 ಸೆಕೆಂಡು ಹಿಡಿದರೆ 600 ಲೀಟರ್. ಬಕೆಟ್ಟನ್ನು ಮಾತ್ರ ಸ್ಟೂಲಿನ ಮೇಲೋ ಮೇಜಿನ ಮೇಲೋ ಇಟ್ಟು, ಪೈಪಿನ ಬಾಯಿ ತೊಟ್ಟಿಯ ನೀರಿನ ಮಟ್ಟದಲ್ಲಿಯೇ ಇರುವಂತೆ ಹಿಡಿಯಬೇಕು. ನೆಲದ ಮೇಲಿಟ್ಟರೆ ನೀರು ತನ್ನ ಭಾರದಿಂದಲೇ ಇಳಿದು ಸುಳ್ಳು ಲೆಕ್ಕ ಕೊಡುತ್ತದೆ. ನಾನು ಮೊದಲ ಸಲ ಹೀಗೆ ನೆಲದ ಮೇಲಿಟ್ಟು ಅಳೆದು, ಡಬ್ಬದ ಮೇಲಿನ ಅಂಕಿಗಿಂತಲೂ ಹೆಚ್ಚು ನೀರು ಬರುತ್ತಿದೆ ಎಂದು ಬಹಳ ಹೊತ್ತು ಹಿಗ್ಗಿದ್ದುಂಟು.

ತಮ್ಮ ತೊಟ್ಟಿಯ ಅಳತೆ ಆರೂಮುಕ್ಕಾಲು ಘನ ಅಡಿ, ಅಂದರೆ ಅಂಚಿನವರೆಗೆ 191 ಲೀಟರ್. ಜಲ್ಲಿ ಮತ್ತು ಮೇಲೆ ಬಿಟ್ಟ ಜಾಗ ಕಳೆದರೆ ಸುಮಾರು 160 ಲೀಟರ್ ನೀರಿದೆ ಎಂದಿಟ್ಟುಕೊಳ್ಳೋಣ. ಗಂಟೆಗೆ ತೊಟ್ಟಿಯ ನೀರು ನಾಲ್ಕರಿಂದ ಆರು ಸಲ ಫಿಲ್ಟರಿನಲ್ಲಿ ಹಾದುಹೋಗಬೇಕೆಂಬುದು ಮೀನು ಸಾಕುವವರ ರೂಢಿಯ ಲೆಕ್ಕ. ತಮ್ಮ ಅಳತೆಯಲ್ಲಿ 600 ಲೀಟರ್ ಬಂದರೆ ಅದು ನಾಲ್ಕು ಸಲಕ್ಕೆ ತುಸು ಕಡಿಮೆಯೇ ಆಯಿತು. ಅದರಲ್ಲಿ ಅರ್ಧ ವಾಲ್ವ್ ಮುಚ್ಚಿ ಕಳೆದುಕೊಂಡರೆ ಆರು ಬೆಳೆದ ಏಂಜಲ್‌ಗಳ ತೊಟ್ಟಿಗೆ ಸಾಲದು.

ಇನ್ನು ರಭಸ ಮುರಿಯುವ ಬಗೆ. ಹಿತ್ತಲಿನ ಗಿಡಗಳಿಗೆ ನೀರು ಹಾಯಿಸುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ದೂರ ಚಿಮ್ಮುತ್ತದೆ. ಬೆರಳು ತೆಗೆದರೆ ಕಾಲಬುಡದಲ್ಲೇ ಬೀಳುತ್ತದೆ. ಬಾಯಿ ಅಗಲವಾದಷ್ಟೂ ರಭಸ ಕಡಿಮೆ. ಒಳಗೆ 12 ಮಿಲಿಮೀಟರ್ ಅಡ್ಡಳತೆಯ ಪೈಪಿನಿಂದ ಗಂಟೆಗೆ 600 ಲೀಟರ್ ಬರುತ್ತಿದ್ದರೆ ಅದರ ವೇಗ ಸೆಕೆಂಡಿಗೆ ಸುಮಾರು 147 ಸೆಂಟಿಮೀಟರ್. ಫಿಲ್ಟರಿನ ಜೊತೆಗೆ ಬರುವ, ಸಾಲಾಗಿ ತೂತುಗಳಿರುವ ಸ್ಪ್ರೇ ಬಾರನ್ನು ಹಾಕಿದರೆ ಸಾಕೆಂದು ಅನೇಕರು ಭಾವಿಸುತ್ತಾರೆ. ಆದರೆ 3 ಮಿಲಿಮೀಟರಿನ 16 ತೂತುಗಳಿದ್ದರೆ, ಅವೆಲ್ಲ ಸೇರಿದ ಬಾಯಿ ಆ 12 ಮಿಲಿಮೀಟರ್ ಪೈಪಿನ ಬಾಯಿಯಷ್ಟೇ ಆಗುತ್ತದೆ: 16 ಸಲ 9 ಎಂದರೆ 144, ಹನ್ನೆರಡರ ವರ್ಗವೂ 144. ಒಂದು ದಪ್ಪ ಧಾರೆಯ ಬದಲು ಹದಿನಾರು ಸಣ್ಣ ಧಾರೆಗಳು ಬೇಗ ಸೋಲುತ್ತವೆಂಬುದು ನಿಜವಾದರೂ ತೂತಿನ ಬಾಯಲ್ಲಿ ವೇಗ ಇಳಿದಿರುವುದಿಲ್ಲ. ಅದೇ ತೂತುಗಳನ್ನು 4 ಮಿಲಿಮೀಟರಿಗೆ ಹಿಗ್ಗಿಸಿದರೆ ವೇಗ ಸುಮಾರು 83ಕ್ಕೆ ಇಳಿಯುತ್ತದೆ. ನಡುನಡುವೆ ಇನ್ನೂ ಹದಿನಾರು ತೂತು ಕೊರೆದರೆ ಸುಮಾರು 41 ಸೆಂಟಿಮೀಟರಿಗೆ ಬರುತ್ತದೆ. ಹರಿವು ಮಾತ್ರ ಒಂದು ಲೋಟವೂ ಕಡಿಮೆಯಾಗುವುದಿಲ್ಲ.

ಕೊರೆಯಲು ಕೈ ಡ್ರಿಲ್ ಬಳಸಿ. ಕಾಯಿಸಿದ ಮೊಳೆಯಿಂದ ಚುಚ್ಚಿದರೆ ತೂತು ಒರಟಾಗಿ ಧಾರೆ ಸೊಟ್ಟಗೆ ಹಾರುತ್ತದೆ, ಪ್ಲಾಸ್ಟಿಕ್ಕಿನ ಅಂಚೂ ಉಬ್ಬುತ್ತದೆ. ಕೊರೆದ ಮೇಲೆ ಮರಳುಕಾಗದದಿಂದ ನಯಗೊಳಿಸಿ, ಚೂರುಗಳು ಉಳಿಯದಂತೆ ತೊಳೆಯಿರಿ. ತೂತುಗಳು ಹೆಚ್ಚಾದಾಗ ಎಲ್ಲದರಿಂದಲೂ ಒಂದೇ ಸಮ ನೀರು ಬರುವುದಿಲ್ಲ, ಅದರಿಂದ ನಷ್ಟವೇನಿಲ್ಲ. ಆಮೇಲೆ ಸ್ಪ್ರೇ ಬಾರನ್ನು ಹಿಂಬದಿಯ ಗಾಜಿನ ಉದ್ದಕ್ಕೂ, ನೀರಿನ ಮೇಲ್ಮೈಗಿಂತ ಒಂದೆರಡು ಸೆಂಟಿಮೀಟರ್ ಕೆಳಗೆ ಕೂರಿಸಿ, ತೂತುಗಳು ಹಿಂಬದಿಯ ಗಾಜಿಗೇ ಮುಖಮಾಡಿ ಸ್ವಲ್ಪ ಮೇಲಕ್ಕೆ ನೋಡುವಂತೆ ತಿರುಗಿಸಿ. ಧಾರೆ ಗಾಜಿಗೆ ಬಡಿದು ಹರಡಿ, ಮೇಲ್ಮೈಯಲ್ಲಿ ಸಣ್ಣ ಅಲೆ ಎಬ್ಬಿಸಿ, ಮೆತ್ತಗೆ ಮುಂದಕ್ಕೆ ಬರುತ್ತದೆ.

ಇಷ್ಟಾದ ಮೇಲೆ ಒಂದು ಚಿಟಿಕೆ ಆಹಾರವನ್ನು ಪುಡಿಮಾಡಿ ಉದುರಿಸಿ, ಅದರ ದಾರಿಯನ್ನು ನೋಡಿ. ಎಲ್ಲಿಯಾದರೂ ಎರಡು ಮೂರು ಅಂಗೈ ಅಗಲದ ಜಾಗದಲ್ಲಿ ಪುಡಿ ನಿಧಾನವಾಗಿ ಇಳಿಯುತ್ತಿದ್ದರೆ ಏಂಜಲ್‌ಗಳಿಗೆ ನಿಲ್ಲಲು ನೆಲೆ ಸಿಕ್ಕಿತು. ಮೀನು ಒಂದೇ ಕಡೆ ನಿಂತಿದ್ದರೂ ಬಾಲ ಎಡೆಬಿಡದೆ ಬಡಿಯುತ್ತಿದ್ದರೆ, ರೆಕ್ಕೆಗಳನ್ನು ಮಡಚಿಕೊಂಡಿದ್ದರೆ, ಇನ್ನೂ ಹದವಾಗಿಲ್ಲ. ಆಗ ಹೊರಬರುವ ವಾಲ್ವನ್ನು ಕಾಲು ಭಾಗ ಮುಚ್ಚಿ ನೋಡಬಹುದು. ಊಟ ಕೊಡುವ ಹತ್ತು ನಿಮಿಷ ಫಿಲ್ಟರನ್ನು ನಿಲ್ಲಿಸುವುದರಲ್ಲಿ ತಪ್ಪಿಲ್ಲ. ಮತ್ತೆ ಹಾಕುವುದನ್ನು ಮರೆಯದಿದ್ದರೆ ಸರಿ.

ಪ್ರಶ್ನೆ: ಎರಡು ಅಡಿಯ ತೊಟ್ಟಿಯಲ್ಲಿ ಒಂದೇ ಒಂದು ಬೆಟ್ಟಾ ಮೀನು ಇದೆ. ಅದಕ್ಕೆ ಕ್ಯಾನಿಸ್ಟರ್ ಹಾಕಿದ್ದೇನೆ. ಮೀನು ಎಲೆಯ ಮರೆಯಿಂದ ಹೊರಗೇ ಬರುತ್ತಿಲ್ಲ. – ಓದುಗರು, ಉಡುಪಿ

ಉತ್ತರ: ಗದ್ದೆಯ ನಿಂತ ನೀರಿನಲ್ಲಿಯೂ ಬಾಳಬಲ್ಲ, ಮೇಲ್ಮೈಗೆ ಬಂದು ನೇರವಾಗಿ ಗಾಳಿಯನ್ನೇ ಉಸಿರಾಡಬಲ್ಲ ಮೀನಿಗೆ ಕ್ಯಾನಿಸ್ಟರ್ ಅನಗತ್ಯ. ಉದ್ದ ರೆಕ್ಕೆಯ ಸಾಕುತಳಿಗಳಂತೂ ಸೀರೆ ಉಟ್ಟು ಹೊಳೆ ದಾಟಿದಂತೆ ಪಾಡುಪಡುತ್ತವೆ. ಗಾಳಿ ಪಂಪಿನಿಂದ ನಡೆಯುವ ಸ್ಪಂಜ್ ಫಿಲ್ಟರ್ ಸಾಕು. ಕೊಂಡದ್ದನ್ನು ಬಳಸಲೇಬೇಕೆಂದಿದ್ದರೆ ಹೊರಬರುವ ಪೈಪಿನ ಬಾಯಿಗೆ ಒರಟು ಸ್ಪಂಜಿನ ತುಂಡೊಂದನ್ನು ತೊಡಿಸಿ, ವಾರಕ್ಕೊಮ್ಮೆ ಹಿಂಡಿ.

ಪ್ರಶ್ನೆ: ವಾಲ್ವಿಗೆ ಬದಲಾಗಿ ಫ್ಯಾನಿನ ರೆಗ್ಯುಲೇಟರ್ ಜೋಡಿಸಿ ಫಿಲ್ಟರಿನ ವೇಗವನ್ನು ಇಳಿಸಬಹುದೆ? – ಓದುಗರು, ಮೈಸೂರು

ಪ್ರಶ್ನೆ: ಅಮೆರಿಕದಲ್ಲಿ ಕೆಲವು ವರ್ಷ ಇದ್ದು ಮರಳಿದ್ದೇವೆ. ಅಲ್ಲಿ ಕೊಂಡಿದ್ದ 120 ವೋಲ್ಟ್‌ನ ಕ್ಯಾನಿಸ್ಟರನ್ನು ಇಲ್ಲಿ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟು ಓಡಿಸುತ್ತಿದ್ದೇನೆ. ನೀರು ಮೊದಲಿನಷ್ಟು ಬರುತ್ತಿಲ್ಲ. ಫಿಲ್ಟರನ್ನು ತೊಳೆದರೂ ವ್ಯತ್ಯಾಸವಿಲ್ಲ. – ಓದುಗರು, ಬೆಂಗಳೂರು

ಉತ್ತರ: ಎರಡು ಪ್ರಶ್ನೆಗಳಿಗೂ ಬುಡ ಒಂದೇ. ಸಾಮಾನ್ಯ ಕ್ಯಾನಿಸ್ಟರಿನ ಮೋಟರಿನಲ್ಲಿ ತಿರುಗುವುದು ಒಂದು ಆಯಸ್ಕಾಂತ. ಅದು ಕರೆಂಟಿನ ಏರಿಳಿತದ ತಾಳಕ್ಕೆ ಸರಿಯಾಗಿ ಹೆಜ್ಜೆ ಹಾಕುತ್ತದೆ. ವೋಲ್ಟೇಜು ಹೆಚ್ಚು ಕಡಿಮೆಯಾದರೆ ಅದರ ಬಲ ಬದಲಾಗುತ್ತದೆಯೇ ಹೊರತು ವೇಗ ಬದಲಾಗುವುದಿಲ್ಲ. ನಮ್ಮಲ್ಲಿ ಕರೆಂಟು ಸೆಕೆಂಡಿಗೆ 50 ಆವರ್ತನದ್ದಾದ್ದರಿಂದ ಅದು ನಿಮಿಷಕ್ಕೆ 3000 ಸುತ್ತು ತಿರುಗುತ್ತದೆ. ರೆಗ್ಯುಲೇಟರಿನಿಂದ ವೋಲ್ಟೇಜು ಇಳಿಸುತ್ತ ಹೋದರೆ ಸ್ವಲ್ಪ ದೂರದವರೆಗೆ ಏನೂ ಆಗುವುದಿಲ್ಲ. ಆಮೇಲೆ ಒಮ್ಮೆಲೇ ತಾಳ ತಪ್ಪಿ, ಆಯಸ್ಕಾಂತ ನಿಂತಲ್ಲೇ ನಡುಗುತ್ತ ಕಾಯಿಲನ್ನು ಬಿಸಿಮಾಡುತ್ತದೆ. ಮೈಸೂರಿನ ಓದುಗರು ದಯವಿಟ್ಟು ಆ ಪ್ರಯೋಗಕ್ಕೆ ಹೋಗಬೇಡಿ. ಗುಂಡಿ ಒತ್ತಿ ವೇಗ ಬದಲಿಸುವ ಮಾದರಿಗಳು ಇವೆ. ಅವುಗಳೊಳಗಿನ ಎಲೆಕ್ಟ್ರಾನಿಕ್ಸ್ ಬೇರೆ.

ಅಮೆರಿಕದಲ್ಲಿ ಆವರ್ತನ 60, ಅಂದರೆ ಅಲ್ಲಿ ಇದೇ ಮೋಟರು ನಿಮಿಷಕ್ಕೆ 3600 ಸುತ್ತು ತಿರುಗುತ್ತಿತ್ತು. ಟ್ರಾನ್ಸ್‌ಫಾರ್ಮರು ವೋಲ್ಟೇಜನ್ನು ಮಾತ್ರ ಇಳಿಸುತ್ತದೆ, ಆವರ್ತನವನ್ನು ಮುಟ್ಟುವುದಿಲ್ಲ. ಹೀಗಾಗಿ ಇಲ್ಲಿ ಸುತ್ತುಗಳಲ್ಲಿ ಆರರಲ್ಲೊಂದು ಪಾಲು ಕಡಿಮೆಯಾಗಿದೆ. ಹರಿವೂ ಸರಿಸುಮಾರು ಅಷ್ಟೇ ಇಳಿದಿದೆ, ತಳ್ಳುವ ಒತ್ತಡವಂತೂ ಸುಮಾರು ಮೂರನೆಯ ಒಂದು ಪಾಲು ಕುಗ್ಗಿದೆ. ಅದಕ್ಕಿಂತ ಮುಖ್ಯವಾಗಿ, 60ರ ಆವರ್ತನಕ್ಕೆ ಸುತ್ತಿದ ಕಾಯಿಲು ಅದೇ 120 ವೋಲ್ಟ್‌ನಲ್ಲಿ 50ರ ಆವರ್ತನಕ್ಕೆ ಸಿಕ್ಕಿದರೆ ಹೆಚ್ಚು ಕರೆಂಟು ಎಳೆದು ಬಿಸಿಯಾಗುತ್ತದೆ. ಡಬ್ಬಿಯನ್ನೂ ಪೈಪುಗಳನ್ನೂ ಇಟ್ಟುಕೊಂಡು ಇಲ್ಲಿನ ಕರೆಂಟಿಗೆ ಹೊಂದುವ ಮೋಟರಿನ ತಲೆ ಸಿಗುವುದಾದರೆ ತರಿಸಿ. ಸಿಗದಿದ್ದರೆ ಅದಕ್ಕೆ ನಿವೃತ್ತಿ ಕೊಡಿ.

ಪ್ರಶ್ನೆ: ಮೂರು ತಿಂಗಳ ಹಿಂದೆ ನೀರು ಜೋರಾಗಿ ಬರುತ್ತಿತ್ತು, ಈಗ ತೀರ ನಿಧಾನವಾಗಿದೆ. ತೊಟ್ಟಿಯನ್ನು ಎತ್ತರದ ಸ್ಟ್ಯಾಂಡಿಗೆ ಬದಲಾಯಿಸಿದ್ದರಿಂದ ಮೋಟರಿಗೆ ಅಷ್ಟು ಮೇಲೆ ನೀರೆತ್ತಲು ಆಗುತ್ತಿಲ್ಲವೆ? – ಓದುಗರು, ಹುಬ್ಬಳ್ಳಿ

ಉತ್ತರ: ಎತ್ತರವನ್ನು ದೂರಬೇಡಿ. ಇಳಿಯುವ ಪೈಪಿನಲ್ಲಿಯೂ ಏರುವ ಪೈಪಿನಲ್ಲಿಯೂ ನೀರು ತುಂಬಿರುವುದರಿಂದ ಒಂದರ ಭಾರ ಇನ್ನೊಂದರ ಭಾರವನ್ನು ತೂಗುತ್ತದೆ, ಬಾವಿಯ ರಾಟೆಗೆ ಎರಡೂ ಕಡೆ ತುಂಬಿದ ಕೊಡ ಕಟ್ಟಿದಂತೆ. ಮೋಟರು ಗೆಲ್ಲಬೇಕಾದದ್ದು ಪೈಪು, ಸ್ಪಂಜು ಮತ್ತು ತಿರುವುಗಳ ತಡೆಯನ್ನು ಮಾತ್ರ. ಹೊಸ ಸ್ಟ್ಯಾಂಡಿಗೆಂದು ಪೈಪನ್ನು ಉದ್ದ ಮಾಡಿ ಸುರುಳಿ ಸುತ್ತಿಟ್ಟಿದ್ದರೆ ಅದು ಬೇರೆ ಮಾತು, ಹೆಚ್ಚಾದುದನ್ನು ಕತ್ತರಿಸಿ.

ತೊಂದರೆ ಬಹುಶಃ ಕೊಳೆಯದು. ನೀರೆಳೆಯುವ ತುದಿಯ ಜಾಲರಿಯನ್ನು ಮೊದಲು ನೋಡಿ. ಕೊಳೆತ ಎಲೆಯೊಂದು ಸಾಕು. ಆಮೇಲೆ ಪೈಪಿನ ಒಳಮೈ: ಅಲ್ಲಿ ಕಂದು ಬಣ್ಣದ ಲೋಳೆ ಕಟ್ಟಿಕೊಂಡು ದಾರಿ ಕಿರಿದಾಗುತ್ತದೆ, ಉದ್ದ ತಂತಿಯ ಬ್ರಷ್ ಎಳೆದರೆ ಮುದ್ದೆಮುದ್ದೆಯಾಗಿ ಹೊರಬೀಳುತ್ತದೆ. ಕೊನೆಯ ತಟ್ಟೆಯ ತೆಳು ಬಿಳಿ ಹತ್ತಿಯಂತಹ ಪದರ ಎಲ್ಲಕ್ಕಿಂತ ಬೇಗ ಕಟ್ಟುತ್ತದೆ, ಅದನ್ನು ಬದಲಿಸಿಬಿಡಿ. ಇಂಪೆಲ್ಲರನ್ನು ಹೊರಗೆಳೆದು ಅದರ ಗೂಡನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಸ್ಪಂಜು ಮತ್ತು ಉಂಗುರಗಳನ್ನು ನಲ್ಲಿಯ ಕೆಳಗೆ ಹಿಡಿಯಬಾರದು, ಕ್ಲೋರಿನ್ ಇರುವ ನೀರು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ತೊಟ್ಟಿಯಿಂದಲೇ ಒಂದು ಬಕೆಟ್ ನೀರು ತೆಗೆದು ಅದರಲ್ಲಿ ಮೆಲ್ಲಗೆ ಅದ್ದಿ ಹಿಂಡಿ. ಎರಡನ್ನೂ ಒಂದೇ ದಿನ ತೊಳೆಯದೆ ಒಂದೆರಡು ವಾರದ ಅಂತರ ಕೊಡಿ. ಮುಚ್ಚಳದ ರಬ್ಬರ್ ಉಂಗುರಕ್ಕೆ ಸಿಲಿಕೋನ್ ಗ್ರೀಸ್ ಹಚ್ಚಿ. ಮನೆಯಲ್ಲಿದೆಯೆಂದು ಪೆಟ್ರೋಲಿಯಂ ಜೆಲ್ಲಿ ಬಳಿದರೆ ರಬ್ಬರು ಉಬ್ಬಿ ಹಾಳಾಗಬಹುದು. ತೊಳೆದ ದಿನವೇ ಬಕೆಟ್ಟಿನಲ್ಲಿ ಅಳೆದು ಆ ಸೆಕೆಂಡುಗಳನ್ನು ಡಬ್ಬಿಯ ಮೇಲೆ ಪೆನ್ನಿನಿಂದ ಬರೆದಿಟ್ಟರೆ ಮುಂದಿನ ಸಲ ಊಹೆ ಮಾಡಬೇಕಾಗುವುದಿಲ್ಲ. 60 ಸೆಕೆಂಡಿದ್ದದ್ದು 90 ದಾಟಿದರೆ ನಾನು ಡಬ್ಬಿ ಬಿಚ್ಚುತ್ತೇನೆ.

ಪ್ರಶ್ನೆ: ಗಿಡಗಳ ತೊಟ್ಟಿಗೆ ರಭಸ ಬೇಡವೆಂದು ಹೊರಬರುವ ಪೈಪನ್ನು ತಳದವರೆಗೆ ಇಳಿಸಿದೆ. ಈಗ ನೀರಿನ ಮೇಲೆ ಎಣ್ಣೆಯಂತಹ ಪೊರೆ ಕಟ್ಟುತ್ತಿದೆ, ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತವೆ. – ಓದುಗರು, ಬೆಂಗಳೂರು

ಉತ್ತರ: ಮೇಲ್ಮೈ ಅಲುಗದಿದ್ದರೆ ಪೊರೆ ಕಟ್ಟುತ್ತದೆ, ಆಮ್ಲಜನಕ ಕರಗುವುದು ಕಡಿಮೆಯಾಗುತ್ತದೆ, ರಾತ್ರಿಯಿಡೀ ಗಿಡಗಳೂ ಆಮ್ಲಜನಕವನ್ನೇ ಉಸಿರಾಡುವುದರಿಂದ ಬೆಳಗಿನ ಜಾವ ಅದರ ಕೊರತೆ ಎದ್ದು ಕಾಣುತ್ತದೆ. ಸಮುದ್ರಮಟ್ಟದಲ್ಲಿ 25 ಡಿಗ್ರಿ ಸೆಲ್ಸಿಯಸ್‌ನ ಸಿಹಿನೀರು ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ 30 ಡಿಗ್ರಿಯಲ್ಲಿ ಸುಮಾರು 7.5 ಮಾತ್ರ. 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಕಡಿಮೆಯಿರುವುದರಿಂದ ಅದರಲ್ಲೂ ಸುಮಾರು ಹತ್ತನೆಯ ಒಂದು ಪಾಲು ಕಳೆಯಬೇಕು. ಪೈಪನ್ನು ಮೇಲಕ್ಕೆ ತನ್ನಿ. ಗಿಡಗಳಿಗೆ ಇಂಗಾಲದ ಡೈಆಕ್ಸೈಡ್ ಬಿಡುತ್ತಿದ್ದರೆ ಜೋರು ಅಲೆ ಅದನ್ನು ಹಾರಿಸಿಬಿಡುತ್ತದೆ. ಆದ್ದರಿಂದ ಹಗಲು ಮೇಲ್ಮೈ ನಡುಗುವಷ್ಟು, ದೀಪ ಆರಿಸಿದ ಮೇಲೆ ಅಲೆ ಏಳುವಷ್ಟು ಇರಲಿ. ತುದಿ ಅಗಲವಾಗಿ ಅರಳುವ ಗಾಜಿನ ಲಿಲಿ ಪೈಪ್ ಇದಕ್ಕೆ ಬಹಳ ಅನುಕೂಲ, ಕೈಯಿಂದ ಒಂದು ಬೆರಳಷ್ಟು ಏರಿಸಿ ಇಳಿಸಿದರಾಯಿತು. ತೊಳೆಯುವಾಗ ಒಡೆಯದವರ ಮನೆಯನ್ನು ನಾನಿನ್ನೂ ನೋಡಿಲ್ಲ.

ಪ್ರಶ್ನೆ: ನಾಲ್ಕು ಅಡಿ ತೊಟ್ಟಿಯಲ್ಲಿ ಮಿಸ್ ಕೇರಳ ಮೀನುಗಳಿವೆ. ಇವಕ್ಕೆ ಹರಿವು ಹೆಚ್ಚು ಬೇಕೆನ್ನುತ್ತಾರೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಗಂಟೆಗಟ್ಟಲೆ ಹೋಗುತ್ತದೆ, ಫಿಲ್ಟರಿಗೆ ತೊಂದರೆಯಾಗುವುದೆ? – ಓದುಗರು, ಪುತ್ತೂರು

ಉತ್ತರ: ಪಶ್ಚಿಮಘಟ್ಟದ ತೊರೆಗಳ ಮೀನಾದ ಇದಕ್ಕೆ ದಾವಣಗೆರೆಯ ಓದುಗರಿಗೆ ಹೇಳಿದ್ದರ ತಿರುವುಮುರುವು ಅನ್ವಯಿಸುತ್ತದೆ. ಸ್ಪ್ರೇ ಬಾರ್ ತೆಗೆದು, ಒಂದೇ ಬಾಯಿಯ ಪೈಪನ್ನು ಗಿಡ್ಡ ಬದಿಯ ಗಾಜಿಗೆ ಕೂರಿಸಿ ಧಾರೆ ತೊಟ್ಟಿಯ ಉದ್ದಕ್ಕೂ ಓಡುವಂತೆ ಮಾಡಿ, ದಾರಿಯಲ್ಲಿ ಎರಡು ಮೂರು ದೊಡ್ಡ ಕಲ್ಲುಗಳನ್ನಿಡಿ. ದಣಿದಾಗ ಅವುಗಳ ಹಿಂದೆ ನಿಲ್ಲಲಿ. ಕಾಡಿನಲ್ಲಿ ಇದು ಅಳಿವಿನಂಚಿನ ಜಾತಿಗಳ ಪಟ್ಟಿಯಲ್ಲಿದೆ. ಇನ್ನು ಮುಂದೆ ಕೊಳ್ಳುವಾಗ ಸಾಕಣೆಯಲ್ಲಿ ಹುಟ್ಟಿದ ಮರಿಗಳೇ ಎಂದು ಕೇಳಿ ಕೊಳ್ಳಿ.

ಕರೆಂಟು ಹೋಗಿ ಒಂದು ಗಂಟೆ ಆದರೆ ಚಿಂತೆಯಿಲ್ಲ. ಡಬ್ಬಿ ಮುಚ್ಚಿರುವುದರಿಂದ ಒಳಗಿನ ಬ್ಯಾಕ್ಟೀರಿಯಾಗಳು ಇದ್ದ ಆಮ್ಲಜನಕವನ್ನೆಲ್ಲ ಮುಗಿಸಿ ಸಾಯತೊಡಗುವುದು ಆಮೇಲೆ. ರಾತ್ರಿಯೆಲ್ಲ ನಿಂತಿದ್ದ ಫಿಲ್ಟರನ್ನು ಹಾಗೆಯೇ ಚಾಲೂ ಮಾಡಿದರೆ ಆ ಕೊಳೆತ ನೀರು ನೇರ ತೊಟ್ಟಿಗೆ ಬರುತ್ತದೆ. ಆದ್ದರಿಂದ ಸ್ವಿಚ್ಚನ್ನು ಆರಿಸಿಡಿ, ಬೆಳಿಗ್ಗೆ ಮುಚ್ಚಳ ತೆಗೆದು ಮೂಗಿನಿಂದ ಪರೀಕ್ಷಿಸಿ. ಕೊಳೆತ ಮೊಟ್ಟೆಯ ವಾಸನೆ ಇದ್ದರೆ ಒಳಗಿನ ನೀರು ಚೆಲ್ಲಿ, ತೊಟ್ಟಿಯ ನೀರಿನಲ್ಲಿ ಸ್ಪಂಜು ಹಿಂಡಿ, ಆಮೇಲೆ ಹಾಕಿ. ಇನ್‌ವರ್ಟರ್ ಇದ್ದರೆ ಕ್ಯಾನಿಸ್ಟರನ್ನೂ ಅದಕ್ಕೆ ಸೇರಿಸಬಹುದು, ಅದು ಎಳೆಯುವ ಕರೆಂಟು ಎಲ್‌ಇಡಿ ಬಲ್ಬುಗಳ ಲೆಕ್ಕದ್ದು. ಸೈನ್ ವೇವ್ ಇನ್‌ವರ್ಟರೇ ಆಗಿರಲಿ, ಸ್ಕ್ವೇರ್ ವೇವ್ ಆದರೆ ಮೋಟರು ಗುಂಯ್‌ಗುಟ್ಟಿ ಬಿಸಿಯಾಗುತ್ತದೆ.